ಸೋಚಿಯ ಆ 5.48 ಅಂಕ: ಕಿಮ್ ಯುನಾ ಅಭಿಮಾನಿಗಳ ಸಿಟ್ಟು ಎಲ್ಲಿ ಸರಿ, ಎಲ್ಲಿ ದಾರಿ ತಪ್ಪುತ್ತದೆ

ಪ್ರಶ್ನೆ: ನಾನು ಮಲ್ಲೇಶ್ವರದಲ್ಲಿರುವ ಬಿ.ಕಾಂ. ವಿದ್ಯಾರ್ಥಿನಿ. ಕೊರಿಯಾದ ಧಾರಾವಾಹಿ ನೋಡುತ್ತಾ ನೋಡುತ್ತಾ ಕಿಮ್ ಯುನಾ ಅವರ ಸ್ಕೇಟಿಂಗ್ ವಿಡಿಯೊಗಳು ಸಿಕ್ಕವು. ಈಗ ಅವರ ದೊಡ್ಡ ಅಭಿಮಾನಿ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ತೀರ್ಪುಗಾರರು ಅವರಿಗೆ ಚಿನ್ನ ತಪ್ಪಿಸಿದರು ಎಂದು ನಮ್ಮ ಗೆಳತಿಯರ ಗುಂಪೆಲ್ಲ ನಂಬಿದೆ. ಪದಕ ವಾಪಸ್ ಕೊಡಿ ಎಂದು ಹೊಸದಾಗಿ ಸಹಿ ಸಂಗ್ರಹ ಶುರು ಮಾಡೋಣ ಎನ್ನುತ್ತಿದ್ದಾರೆ. ಕೆಲವರು ಗೆದ್ದ ರಷ್ಯಾದ ಸ್ಕೇಟರ್‌ನ ಇನ್‌ಸ್ಟಾಗ್ರಾಮ್‌ಗೆ ಹೋಗಿ ಬೈದು ಬರುತ್ತಾರೆ. ನಿಜಕ್ಕೂ ಮೋಸ ಆಗಿತ್ತಾ? ಸಹಿಯಿಂದ ಏನಾದರೂ ಆಗುತ್ತಾ? ಇನ್ನೊಂದು ವಿಷಯ. ನನ್ನ ತಂಗಿ ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್ ಕಲಿಯುತ್ತಿದ್ದಾಳೆ. ನಮ್ಮ ಮಾತು ಕೇಳಿ ಕೇಳಿ, ‘ಜಡ್ಜ್‌ಗಳು ಬೇಕಾದವರಿಗೇ ಕೊಡುತ್ತಾರೆ, ನಾನು ಬಿಟ್ಟುಬಿಡುತ್ತೇನೆ’ ಎನ್ನುತ್ತಿದ್ದಾಳೆ. ಅವಳಿಗೆ ಏನು ಹೇಳಲಿ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಮೊದಲ ಎರಡಕ್ಕೆ ನೇರ ಉತ್ತರ ಮೊದಲೇ ಕೊಡುತ್ತೇನೆ. ಮೋಸ ನಡೆಯಿತು ಎನ್ನಲು ಪುರಾವೆ ಇಲ್ಲ. ಆದರೆ ಅನುಮಾನ ಪಡಲು ಕಾರಣ ಇದೆ, ಅದು ಸಣ್ಣ ಕಾರಣವೂ ಅಲ್ಲ. ಪದಕವಂತೂ ಬದಲಾಗುವುದಿಲ್ಲ. ಹಾಗಂತ ಅಭಿಮಾನಿಗಳ ಸಿಟ್ಟು ದಂಡವಾಯಿತು ಎಂದುಕೊಳ್ಳಬೇಡಿ. ಆ ಸಿಟ್ಟಿನ ಫಲ ಬೇರೆ ಕಡೆ ಸಿಕ್ಕಿದೆ. ಅದು ಎಲ್ಲಿ ಎಂದು ತಿಳಿಯಬೇಕಾದರೆ ಸ್ವಲ್ಪ ಅಂಕಗಳ ಒಳಗೆ ಇಳಿಯಬೇಕು. ನೀವು ಬಿ.ಕಾಂ. ಓದುವವರು, ಲೆಕ್ಕಕ್ಕೆ ಹೆದರುವುದಿಲ್ಲ ಎಂದುಕೊಂಡಿದ್ದೇನೆ.

ಸೋಚಿಯಲ್ಲಿ ಮಹಿಳೆಯರ ಸ್ಪರ್ಧೆ ಎರಡು ಸುತ್ತು. ಮೊದಲನೆಯದು ಶಾರ್ಟ್ ಪ್ರೋಗ್ರಾಂ. ಅದರಲ್ಲಿ ಕಿಮ್ ಯುನಾ 74.92, ಕೊನೆಗೆ ಚಿನ್ನ ಗೆದ್ದ ರಷ್ಯಾದ ಅಡೆಲಿನಾ ಸೊಟ್ನಿಕೋವಾ 74.64, ಇಟಲಿಯ ಕರೊಲಿನಾ ಕೋಸ್ಟ್ನರ್ 74.12. ಮೂವರೂ ಒಬ್ಬರ ಭುಜಕ್ಕೆ ಒಬ್ಬರು ತಾಗುವಷ್ಟು ಹತ್ತಿರ. ಎರಡನೆಯದು ಫ್ರೀ ಸ್ಕೇಟ್. ಅಲ್ಲಿ ಸೊಟ್ನಿಕೋವಾಗೆ 149.95, ಕಿಮ್‌ಗೆ 144.19. ಒಟ್ಟು ಸೇರಿಸಿದರೆ 224.59 ಮತ್ತು 219.11. ಅಂತರ 5.48. ಕಿಮ್ ಆ ರಾತ್ರಿ ಎಲ್ಲರಿಗಿಂತ ಕೊನೆಗೆ ಐಸ್ ಮೇಲೆ ಬಂದರು. ಒಂದು ತಪ್ಪೂ ಇಲ್ಲದೆ ಮುಗಿಸಿದರು. ಸೊಟ್ನಿಕೋವಾ ಒಂದು ಕಡೆ, ಮೂರು ಜಂಪ್‌ಗಳ ಜೋಡಣೆಯ ಕೊನೆಯಲ್ಲಿ, ಇಳಿಯುವಾಗ ತಡವರಿಸಿದ್ದರು. ಟಿವಿಯಲ್ಲಿ ನೋಡಿದವರಿಗೆ ಕಂಡದ್ದು ಇಷ್ಟೇ. ತಪ್ಪು ಮಾಡದವರು ಸೋತರು, ತಪ್ಪು ಮಾಡಿದವರು ಗೆದ್ದರು. ಸಿಟ್ಟು ಬರದೆ ಇರುತ್ತದೆಯೇ?

ಆದರೆ ಫಿಗರ್ ಸ್ಕೇಟಿಂಗ್‌ನಲ್ಲಿ ತಪ್ಪಿಲ್ಲದೆ ಮಾಡಿದವರೇ ಗೆಲ್ಲಬೇಕು ಎಂಬ ನಿಯಮ ಇಲ್ಲ. ಅಂಕ ಮೂರು ಕಡೆಯಿಂದ ಬರುತ್ತದೆ. ಒಂದು, ಬೇಸ್ ವ್ಯಾಲ್ಯೂ. ಪ್ರತಿ ಜಂಪ್, ಪ್ರತಿ ಸ್ಪಿನ್‌ಗೆ ಮೊದಲೇ ನಿಗದಿಯಾದ ಬೆಲೆ. ಈಗಿನ ಪಟ್ಟಿಯಲ್ಲಿ ಟ್ರಿಪಲ್ ಲುಟ್ಜ್‌ಗೆ 5.90, ಟ್ರಿಪಲ್ ಟೋ ಲೂಪ್‌ಗೆ 4.20. ಟ್ರಿಪಲ್ ಅಂದರೆ ಗಾಳಿಯಲ್ಲಿ ಮೂರು ಸುತ್ತು, ಲುಟ್ಜ್, ಟೋ ಲೂಪ್ ಜಂಪ್‌ಗಳ ಹೆಸರು. ಕಷ್ಟದ ಜಂಪ್ ಹಾಕಿದರೆ ಜಾಸ್ತಿ ಅಂಕ. ಎರಡು, ಅದನ್ನು ಎಷ್ಟು ಚೆನ್ನಾಗಿ ಮಾಡಿದರು ಎಂಬುದಕ್ಕೆ ತೀರ್ಪುಗಾರರು ಕೊಡುವ ಗುಣಮಟ್ಟದ ಅಂಕ. ಇದಕ್ಕೆ ಸ್ಕೇಟಿಂಗ್‌ನವರು ಜಿಒಇ ಎನ್ನುತ್ತಾರೆ. ಸೋಚಿಯ ಕಾಲದಲ್ಲಿ ಅದು ಮೈನಸ್ 3ರಿಂದ ಪ್ಲಸ್ 3ರವರೆಗೆ ಇತ್ತು. 2018ರಿಂದ ಮೈನಸ್ 5ರಿಂದ ಪ್ಲಸ್ 5. ಮೂರನೆಯದು ಕಾಂಪೊನೆಂಟ್ಸ್. ಇಡೀ ಪ್ರದರ್ಶನ ಹೇಗಿತ್ತು, ಸ್ಕೇಟಿಂಗ್ ಎಷ್ಟು ನಯವಾಗಿತ್ತು, ಸಂಗೀತಕ್ಕೆ ಹೇಗೆ ಬೆರೆಯಿತು ಎಂಬುದಕ್ಕೆಲ್ಲ ಸಿಗುವ ಅಂಕ. ಆಗ ಇದರಲ್ಲಿ ಐದು ವಿಭಾಗ ಇದ್ದವು, ಈಗ ಮೂರು.

ಈಗ ಇಬ್ಬರ ಫ್ರೀ ಸ್ಕೇಟ್ ಅಂಕಗಳನ್ನು ಬಿಡಿಸಿ ನೋಡೋಣ. ಸೊಟ್ನಿಕೋವಾ ಏಳು ಟ್ರಿಪಲ್ ಜಂಪ್ ಹಾಕಿದ್ದರು, ಕಿಮ್ ಆರು. ಬೇಸ್ ವ್ಯಾಲ್ಯೂ ಸೊಟ್ನಿಕೋವಾಗೆ 61.43, ಕಿಮ್‌ಗೆ 57.49. ಅಲ್ಲೇ 3.94 ಅಂಕದ ಅಂತರ. ಗುಣಮಟ್ಟದ ಅಂಕ ಸೊಟ್ನಿಕೋವಾಗೆ 14.11, ಕಿಮ್‌ಗೆ 12.20. ಅಲ್ಲಿ 1.91. ಕಾಂಪೊನೆಂಟ್ಸ್‌ನಲ್ಲಿ ಸೊಟ್ನಿಕೋವಾಗೆ 74.41, ಕಿಮ್‌ಗೆ 74.50. ಅಂದರೆ ಕಿಮ್ ಮುಂದಿದ್ದದ್ದು 0.09 ಮಾತ್ರ.

ಈ ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ನನ್ನ ಪ್ರಕಾರ ಸೋಚಿಯ ಜಗಳದ ತಿರುಳು ಇಲ್ಲಿದೆ. ಅಭಿಮಾನಿಗಳು ಸಾಮಾನ್ಯವಾಗಿ ಆ ತಡವರಿಸಿದ ಜಂಪ್ ಹಿಡಿದುಕೊಂಡು ವಾದ ಮಾಡುತ್ತಾರೆ. ಆ ವಾದ ನಿಲ್ಲುವುದಿಲ್ಲ. ಸೊಟ್ನಿಕೋವಾ ಹೆಚ್ಚು ಕಷ್ಟದ ಪ್ರೋಗ್ರಾಂ ತಂದಿದ್ದರು, ಬೆಲೆಪಟ್ಟಿಯ ಪ್ರಕಾರ ಅದಕ್ಕೆ ಅಂಕ ಸಿಕ್ಕಿತು. ಅಂತರದ ದೊಡ್ಡ ಪಾಲು ಅದೇ. ಆದರೆ ಕಾಂಪೊನೆಂಟ್ಸ್‌ನಲ್ಲಿ ಇಬ್ಬರೂ ಹೆಚ್ಚು ಕಡಿಮೆ ಸಮ ಎಂದರಲ್ಲ, ಅದನ್ನು ಒಪ್ಪುವುದು ಕಷ್ಟ. ಕಿಮ್ ಆಗಲೇ 2010ರ ವ್ಯಾಂಕೂವರ್ ಚಿನ್ನ ಗೆದ್ದವರು. ಅಲ್ಲಿ ಅವರು ಗಳಿಸಿದ 228.56 ಆಗಿನ ವಿಶ್ವದಾಖಲೆ. ಅವರ ಸ್ಕೇಟಿಂಗ್‌ನ ವೇಗ, ಬ್ಲೇಡ್‌ನ ಅಂಚಿನ ಮೇಲಿನ ಹಿಡಿತ, ಸಂಗೀತದ ಒಳಗೆ ಇಳಿಯುವ ರೀತಿ, ಇವನ್ನು ಆ ತಲೆಮಾರಿನ ಬೇರೆ ಯಾರಲ್ಲೂ ನಾನು ಅಷ್ಟು ನೋಡಿಲ್ಲ. ಸೊಟ್ನಿಕೋವಾ ಆಗ 17 ವರ್ಷದ ಹುಡುಗಿ. ಚುರುಕು, ಧೈರ್ಯ ಎಲ್ಲ ಇತ್ತು. ಆದರೆ ಅಂಥ ಕಾಂಪೊನೆಂಟ್ ಅಂಕ ಅವರಿಗೆ ಅದಕ್ಕೂ ಮೊದಲು ಸಿಗುತ್ತಿರಲಿಲ್ಲ. ಸ್ವಂತ ದೇಶದ ಒಲಿಂಪಿಕ್ಸ್‌ನಲ್ಲಿ ಅದು ಏಕಾಏಕಿ ಮೇಲೇರಿತು.

ಹಾಗಾದರೆ ಎಷ್ಟು ಅಂಕ ಕಡಿಮೆ ಬಂದಿದ್ದರೆ ಚಿನ್ನ ಕೈ ಬದಲಾಗುತ್ತಿತ್ತು? ಇದನ್ನು ನಾವೇ ಲೆಕ್ಕ ಹಾಕಬಹುದು. ಐದು ವಿಭಾಗ, ಪ್ರತಿಯೊಂದಕ್ಕೂ ಹತ್ತರೊಳಗೆ ಅಂಕ, ಅದನ್ನು 1.6ರಿಂದ ಗುಣಿಸುತ್ತಿದ್ದರು. ಪೂರ್ತಿ ಅಂಕ 80. 74.41 ಎಂದರೆ ಸರಾಸರಿ 9.30. ಇದರಿಂದ 5.48 ಕಳೆದರೆ 68.93, ಅಂದರೆ ಸರಾಸರಿ ಸುಮಾರು 8.62. ಪ್ರತಿ ವಿಭಾಗದಲ್ಲಿ 0.69ರಷ್ಟು ಕಡಿಮೆ ಬಿದ್ದಿದ್ದರೆ ಇಬ್ಬರೂ ಸಮ. ತೀರ್ಪುಗಾರರು ಕಾಲು ಕಾಲು ಅಂಕದ ಹೆಜ್ಜೆಯಲ್ಲಿ ಅಂಕ ಕೊಡುತ್ತಾರೆ. ಹಾಗಾಗಿ ಸರಾಸರಿಯಲ್ಲಿ ಮೂರು ಹೆಜ್ಜೆಗಿಂತ ಕಡಿಮೆ. ಒಂದೇ ಪ್ರದರ್ಶನಕ್ಕೆ ಒಬ್ಬರು ಪ್ರಾಮಾಣಿಕವಾಗಿ 9.25 ಕೊಡಬಹುದು, ಇನ್ನೊಬ್ಬರು ಅಷ್ಟೇ ಪ್ರಾಮಾಣಿಕವಾಗಿ 8.50 ಕೊಡಬಹುದು. ಒಲಿಂಪಿಕ್ ಚಿನ್ನ ಈ ಸಣ್ಣ ಜಾಗದಲ್ಲಿ ಕೂತಿದೆ. ಅದಕ್ಕೇ ಹನ್ನೆರಡು ವರ್ಷ ಕಳೆದರೂ ಮಾತು ನಿಂತಿಲ್ಲ.

ಒಬ್ಬ ತೀರ್ಪುಗಾರರೇ ಇದನ್ನೆಲ್ಲ ಮಾಡಿಬಿಟ್ಟರು ಎಂದು ನಿಮ್ಮ ಗುಂಪಿನಲ್ಲಿ ಯಾರಾದರೂ ಹೇಳಿದರೆ, ಅದು ಆಗುವ ಮಾತಲ್ಲ. ಒಂಬತ್ತು ಜನ ಅಂಕ ಕೊಡುತ್ತಾರೆ. ಎಲ್ಲಕ್ಕಿಂತ ಜಾಸ್ತಿಯದ್ದು ಒಂದು, ಎಲ್ಲಕ್ಕಿಂತ ಕಡಿಮೆಯದ್ದು ಒಂದು ತೆಗೆದುಹಾಕುತ್ತಾರೆ. ಉಳಿದ ಏಳರ ಸರಾಸರಿ ತೆಗೆದುಕೊಳ್ಳುತ್ತಾರೆ. ನಾನೇ ಹಾಕಿದ ಒಂದು ಉದಾಹರಣೆ ಕೊಡುತ್ತೇನೆ, ಇವು ಸೋಚಿಯ ಅಂಕಗಳಲ್ಲ. ಒಂಬತ್ತು ಜನ 8.50, 8.75, 8.75, 8.75, 9.00, 9.00, 9.00, 9.25, 9.25 ಕೊಟ್ಟರು ಎಂದುಕೊಳ್ಳಿ. ಸರಾಸರಿ 8.93. ಈಗ 8.75 ಕೊಟ್ಟವರಲ್ಲಿ ಒಬ್ಬರು ಪಕ್ಷಪಾತ ಮಾಡಿ 10 ಕೊಟ್ಟರು ಎಂದುಕೊಳ್ಳಿ. ಆ 10 ತೆಗೆದುಹೋಗುತ್ತದೆ. ಆದರೆ ಅದರಿಂದಾಗಿ ಇನ್ನೊಂದು 9.25 ಲೆಕ್ಕದೊಳಗೆ ಬರುತ್ತದೆ. ಸರಾಸರಿ 9.00 ಆಗುತ್ತದೆ. ಏರಿಕೆ 0.07. ಐದೂ ವಿಭಾಗದಲ್ಲಿ ಹೀಗೇ ಮಾಡಿದರೂ ಸೋಚಿಯ ಲೆಕ್ಕದಲ್ಲಿ ಒಟ್ಟು 0.57 ಅಂಕ. ಅಂತರ ಕೂದಲೆಳೆಯಷ್ಟಿದ್ದರೆ ಇದು ಚಿನ್ನ ಬೆಳ್ಳಿ ಅದಲು ಬದಲು ಮಾಡಬಲ್ಲದು. 5.48 ತುಂಬಿಸುವುದಕ್ಕೆ ಸಾಲದು. ಅದಕ್ಕೆ ಹಲವರು ಸೇರಬೇಕು. ಇಲ್ಲವೇ ಯಾರೂ ಮಾತಾಡಿಕೊಳ್ಳದೆ, ಕಿವಿ ಗಡಚಿಕ್ಕುವ ಆತಿಥೇಯ ಪ್ರೇಕ್ಷಕರ ನಡುವೆ ಕೂತ ಎಲ್ಲರ ಕೈಯೂ ಸ್ವಲ್ಪ ಸಡಿಲ ಆಗಬೇಕು. ನನಗೆ ಎರಡನೆಯದೇ ಹೆಚ್ಚು ಸಾಧ್ಯ ಅನ್ನಿಸುತ್ತದೆ. ಅದು ಅಪರಾಧ ಅಲ್ಲ. ಆದರೆ ಅನ್ಯಾಯ ಅಲ್ಲ ಎಂದೂ ನಾನು ಹೇಳುವುದಿಲ್ಲ.

ತೀರ್ಪುಗಾರರ ತಂಡದ ಬಗ್ಗೆ ಎದ್ದ ಪ್ರಶ್ನೆಗಳು ಮಾತ್ರ ನಿಜಕ್ಕೂ ಗಂಭೀರ. ಆ ರಾತ್ರಿ ಅಂಕ ಕೊಟ್ಟವರಲ್ಲಿ ಒಬ್ಬರು 1998ರ ನಗಾನೋ ಒಲಿಂಪಿಕ್ಸ್‌ನಲ್ಲಿ ಐಸ್ ಡ್ಯಾನ್ಸ್ ಫಲಿತಾಂಶ ಮೊದಲೇ ಹೊಂದಿಸಲು ಯತ್ನಿಸಿದ್ದಕ್ಕೆ ಒಂದು ವರ್ಷ ಅಮಾನತಾಗಿದ್ದವರು. ಇನ್ನೊಬ್ಬರು ರಷ್ಯಾ ಸ್ಕೇಟಿಂಗ್ ಒಕ್ಕೂಟವನ್ನು ಬಹಳ ಕಾಲ ನಡೆಸಿದ್ದ ಅಧಿಕಾರಿಯ ಪತ್ನಿ. ಸ್ಪರ್ಧೆ ಮುಗಿದ ಮೇಲೆ ಅವರೂ ಸೊಟ್ನಿಕೋವಾ ಅವರೂ ತಬ್ಬಿಕೊಂಡದ್ದು ಕ್ಯಾಮೆರಾದಲ್ಲಿ ದಾಖಲಾಯಿತು. ಜಂಪ್ ಪೂರ್ತಿ ತಿರುಗಿತೇ, ಅಂಚು ಸರಿ ಇತ್ತೇ, ಸ್ಪಿನ್‌ಗೆ ಯಾವ ಲೆವೆಲ್, ಅಂದರೆ ಅದು ಎಷ್ಟು ಕಷ್ಟದ್ದು ಎಂದು ನಿರ್ಧರಿಸುವ ತಾಂತ್ರಿಕ ತಂಡದ ಮುಖ್ಯಸ್ಥರೂ ರಷ್ಯಾದವರೇ. ಇದರಲ್ಲಿ ಯಾವುದೂ ಆಗಿನ ನಿಯಮಕ್ಕೆ ವಿರುದ್ಧ ಇರಲಿಲ್ಲ. ನನ್ನ ಸಿಟ್ಟು ಇರುವುದು ಅಲ್ಲೇ. ಇಂಥ ತಂಡ ಕೂರಿಸುವುದಕ್ಕೆ ನಿಯಮವೇ ದಾರಿ ಬಿಟ್ಟಿತ್ತು.

ಇನ್ನು ಪದಕದ ವಿಷಯ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯ ನೋಡಿ ಬೆಳೆದ ನಮಗೆ ಡಿಆರ್‌ಎಸ್ ಅಭ್ಯಾಸ ಆಗಿದೆ. ಅಂಪೈರ್ ತಪ್ಪು ಮಾಡಿದರೆ ನಾಯಕ ಕೈಯಲ್ಲಿ ‘ಟಿ’ ಮಾಡುತ್ತಾನೆ, ಮೂರನೇ ಅಂಪೈರ್ ನೋಡುತ್ತಾರೆ, ತೀರ್ಪು ಬದಲಾಗುತ್ತದೆ. ಫಿಗರ್ ಸ್ಕೇಟಿಂಗ್‌ನಲ್ಲಿ ಸ್ಪರ್ಧಿಗೆ ಅಂಥ ಹಕ್ಕು ಇಲ್ಲ. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ, ಅಂದರೆ ಐಎಸ್‌ಯುನ ನಿಯಮದಲ್ಲಿ ತೀರ್ಪುಗಾರರ ಮೌಲ್ಯಮಾಪನದ ವಿರುದ್ಧ ದೂರು ಕೊಡಲು ಅವಕಾಶವೇ ಇಲ್ಲ. ಕೂಡುವ ಕಳೆಯುವ ಲೆಕ್ಕ ತಪ್ಪಿದ್ದರೆ ಮಾತ್ರ ಕೇಳಬಹುದು. ತಂಡದಲ್ಲಿ ಯಾರಿರಬೇಕು ಎಂಬುದರ ಬಗ್ಗೆ ತಕರಾರು ಇದ್ದರೆ ಹೆಸರು ಪ್ರಕಟವಾದ ಕೂಡಲೇ, ಬಹಳ ಕಡಿಮೆ ಸಮಯದಲ್ಲಿ ಹೇಳಬೇಕು. ಕೊರಿಯಾದವರು 2014ರ ಏಪ್ರಿಲ್‌ನಲ್ಲಿ ತಂಡದ ರಚನೆ ಮತ್ತು ಆ ಅಪ್ಪುಗೆ ಎರಡನ್ನೂ ಮುಂದಿಟ್ಟು ದೂರು ಕೊಟ್ಟರು. ಜೂನ್ ಹೊತ್ತಿಗೆ ಐಎಸ್‌ಯು ಶಿಸ್ತು ಆಯೋಗ ಅದನ್ನು ತಳ್ಳಿಹಾಕಿತು.

ಕ್ರೀಡಾ ಪಂಚಾಯಿತಿ ನ್ಯಾಯಾಲಯವೂ ಇದೇ ದಾರಿಯಲ್ಲಿದೆ. ಅಂಕಣದಲ್ಲಿ ಕೊಟ್ಟ ತೀರ್ಪನ್ನು, ಲಂಚವೋ ದುರುದ್ದೇಶವೋ ಸಾಬೀತಾಗದ ಹೊರತು, ಅದು ಮುಟ್ಟುವುದಿಲ್ಲ. 2004ರ ಅಥೆನ್ಸ್‌ನಲ್ಲಿ ಕೊರಿಯಾದ ಜಿಮ್ನಾಸ್ಟ್ ಯಾಂಗ್ ಟೇ ಯಂಗ್‌ಗೆ ಒಂದು ಪ್ರದರ್ಶನದ ಆರಂಭಿಕ ಬೆಲೆಯನ್ನು 10ರ ಬದಲು 9.9 ಎಂದು ಹಾಕಿದ್ದರು. ಅದು ತಪ್ಪು ಎಂದು ಜಿಮ್ನಾಸ್ಟಿಕ್ಸ್ ಒಕ್ಕೂಟವೇ ಒಪ್ಪಿ ಮೂವರು ತೀರ್ಪುಗಾರರನ್ನು ಅಮಾನತು ಮಾಡಿತು. ಆದರೂ ಚಿನ್ನ ಅಮೆರಿಕದ ಪಾಲ್ ಹ್ಯಾಮ್ ಬಳಿಯೇ ಉಳಿಯಿತು. ತಪ್ಪು ಕಣ್ಣಿಗೆ ಕಾಣುವಂತಿದ್ದ ಪ್ರಕರಣದ ಗತಿಯೇ ಹೀಗಾದರೆ, ಅಭಿಪ್ರಾಯದ ಅಂಕದ ಬಗ್ಗೆ ಹೇಳುವುದೇ ಬೇಡ.

ಹಾಗಾದರೆ 2002ರಲ್ಲಿ ಹೇಗೆ ಬದಲಾಯಿತು ಎಂದು ನಿಮ್ಮ ಗೆಳತಿಯರು ಕೇಳಬಹುದು. ಸಾಲ್ಟ್ ಲೇಕ್ ಸಿಟಿಯಲ್ಲಿ ಜೋಡಿ ಸ್ಕೇಟಿಂಗ್. ರಷ್ಯಾದ ಬೆರೆಜ್ನಾಯಾ, ಸಿಖರುಲಿಡ್ಜೆ ಜೋಡಿ 5-4 ಮತದಲ್ಲಿ ಗೆದ್ದಿತು. ತಪ್ಪಿಲ್ಲದೆ ಮಾಡಿದ್ದ ಕೆನಡಾದ ಸಾಲೆ, ಪೆಲ್ಟಿಯೆ ಜೋಡಿಗೆ ಬೆಳ್ಳಿ. ಪ್ರೇಕ್ಷಕರು ಅಲ್ಲೇ ಕೂಗಾಡಿದರು. ಆದರೆ ಅವರಿಗೆ ಎರಡನೇ ಚಿನ್ನ ಸಿಕ್ಕಿದ್ದು ಕೂಗಾಟದಿಂದ ಅಲ್ಲ. ಫ್ರಾನ್ಸ್‌ನ ತೀರ್ಪುಗಾರ್ತಿಯೇ ತನ್ನ ಮೇಲೆ ಒತ್ತಡ ಇತ್ತು ಎಂದು ಬಾಯಿಬಿಟ್ಟರು. ಆಮೇಲೆ ಆ ಮಾತು ಹಿಂದೆ ತೆಗೆದುಕೊಂಡರೂ ಅವರನ್ನೂ ಫ್ರಾನ್ಸ್ ಒಕ್ಕೂಟದ ಮುಖ್ಯಸ್ಥರನ್ನೂ ಮೂರು ವರ್ಷ ಹೊರಗಿಟ್ಟರು. ರಷ್ಯಾದವರ ಚಿನ್ನ ಕಿತ್ತುಕೊಳ್ಳಲಿಲ್ಲ ಎಂಬುದನ್ನೂ ಗಮನಿಸಿ. ಸೋಚಿಯಲ್ಲಿ ಹಾಗೆ ಒಳಗಿನಿಂದ ಯಾರೂ ಬಾಯಿಬಿಟ್ಟಿಲ್ಲ.

ಡೋಪಿಂಗ್ ಬೇರೆ ವಿಷಯ. ಅದು ಸಾಬೀತಾದರೆ ಎಷ್ಟೋ ವರ್ಷದ ಮೇಲೂ ಫಲಿತಾಂಶ ಬದಲಾಗುತ್ತದೆ. 2022ರ ಬೀಜಿಂಗ್ ತಂಡ ಸ್ಪರ್ಧೆಯಲ್ಲಿ ಕಮಿಲಾ ವಲಿಯೆವಾ ಅನರ್ಹರಾದ ಮೇಲೆ ಅಮೆರಿಕಕ್ಕೆ ಚಿನ್ನ, ಜಪಾನ್‌ಗೆ ಬೆಳ್ಳಿ ಬಂತು. ಆ ಪದಕಗಳನ್ನು 2024ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಕೊಟ್ಟರು. ಅಂಕದ ಜಗಳಕ್ಕೂ ಇದಕ್ಕೂ ಗಂಟು ಹಾಕಬೇಡಿ.

ಈಗ ಸಹಿಗೆ ಬರೋಣ. 2014ರಲ್ಲಿ ಕಿಮ್ ಪರವಾಗಿ ಕೆಲವೇ ದಿನಗಳಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದರು. ಪದಕ ಅಲ್ಲಾಡಲಿಲ್ಲ. ಆದರೆ ಆ ಗದ್ದಲ ಒಂದು ಪ್ರಶ್ನೆಯನ್ನು ಪ್ರಪಂಚದ ಮುಂದೆ ಇಟ್ಟಿತು. ಯಾರು ಯಾರಿಗೆ ಎಷ್ಟು ಅಂಕ ಕೊಟ್ಟರು ಎಂದು ಯಾಕೆ ಹೇಳುವುದಿಲ್ಲ? ಆಗ ಅಂಕಪಟ್ಟಿ ಪ್ರಕಟವಾಗುತ್ತಿತ್ತು, ಆದರೆ ತೀರ್ಪುಗಾರರ ಕಾಲಂಗಳನ್ನು ಕಲಸಿಡುತ್ತಿದ್ದರು. ಯಾವ ಅಂಕ ಯಾರದ್ದು ಎಂದು ಗೊತ್ತಾಗುತ್ತಿರಲಿಲ್ಲ. 2002ರ ಹಗರಣದ ನಂತರ ಬಂದ ವ್ಯವಸ್ಥೆ ಅದು. ಹೆಸರು ಮುಚ್ಚಿಟ್ಟರೆ ಸ್ವಂತ ಒಕ್ಕೂಟದವರು ತೀರ್ಪುಗಾರರ ಮೇಲೆ ಒತ್ತಡ ಹಾಕಲು ಆಗುವುದಿಲ್ಲ ಎಂಬುದು ಅದರ ತರ್ಕ. ನಡೆದದ್ದು ಬೇರೆ. ಅರ್ಥಶಾಸ್ತ್ರಜ್ಞ ಎರಿಕ್ ಝಿಟ್ಝೆವಿಟ್ಜ್ ಅಂಕಗಳನ್ನು ಅಧ್ಯಯನ ಮಾಡಿ, ಹೆಸರು ಮುಚ್ಚಿದ ಮೇಲೆ ಸ್ವದೇಶದವರ ಕಡೆಗಿನ ಒಲವು ಕಡಿಮೆ ಆಗಲಿಲ್ಲ ಎಂದು ತೋರಿಸಿದರು. ಕತ್ತಲೆಯಲ್ಲಿ ಕೂತವರನ್ನು ಕೇಳುವವರೇ ಇರಲಿಲ್ಲ.

2014ರ ಐಎಸ್‌ಯು ಕಾಂಗ್ರೆಸ್‌ನಲ್ಲಿ, ಅಂದರೆ ಸದಸ್ಯ ಒಕ್ಕೂಟಗಳ ಮಹಾಸಭೆಯಲ್ಲಿ, ಹೆಸರು ಬಹಿರಂಗ ಮಾಡುವ ಪ್ರಸ್ತಾಪಕ್ಕೆ ಬೇಕಾದಷ್ಟು ಮತ ಸಿಗಲಿಲ್ಲ. 2016ರಲ್ಲಿ ಕ್ರೊವೇಷ್ಯಾದ ಡುಬ್ರೊವ್ನಿಕ್‌ನಲ್ಲಿ ಸೇರಿದಾಗ ಸಿಕ್ಕಿತು. ಅಭಿಮಾನಿಗಳ ಸಹಿಯೊಂದರಿಂದಲೇ ಇದಾಯಿತು ಎಂದು ನಾನು ಹೇಳಲಾರೆ. ಆದರೆ ಸೋಚಿಯ ಸಿಟ್ಟು ಆರದೆ ಉಳಿದದ್ದರಿಂದ ಒಕ್ಕೂಟಗಳಿಗೆ ಸುಮ್ನೆ ಕೂರುವುದು ಕಷ್ಟವಾಯಿತು ಎಂದು ನಾನು ನಂಬಿದ್ದೇನೆ. ಫಲ ಬೇಗ ಕಂಡಿತು. ಹೆಸರು ಬಹಿರಂಗವಾದ ಮೇಲಿನ ಮೊದಲ ಚಳಿಗಾಲದ ಒಲಿಂಪಿಕ್ಸ್ 2018ರ ಪ್ಯೊಂಗ್‌ಚಾಂಗ್‌ನದು. ಅಲ್ಲಿ ಸ್ವದೇಶದವರಿಗೆ ಅತಿಯಾಗಿ ಅಂಕ ಕೊಟ್ಟ ಚೀನಾದ ಇಬ್ಬರು ತೀರ್ಪುಗಾರರು ಸಿಕ್ಕಿಬಿದ್ದರು. ಒಬ್ಬರಿಗೆ ಎರಡು ವರ್ಷ, ಇನ್ನೊಬ್ಬರಿಗೆ ಒಂದು ವರ್ಷ ನಿಷೇಧ. ಎರಡು ವರ್ಷದವರನ್ನು ಬೀಜಿಂಗ್ ಒಲಿಂಪಿಕ್ಸ್‌ನಿಂದಲೂ ದೂರ ಇಟ್ಟರು. ಸೋಚಿಯಲ್ಲಿ ಇದೇ ತೆರೆದ ಪಟ್ಟಿ ಇದ್ದಿದ್ದರೆ ಕಿಮ್ ಬಗ್ಗೆ ನಾವು ಇವತ್ತು ಊಹೆ ಮಾಡುತ್ತಾ ಕೂರಬೇಕಿರಲಿಲ್ಲ. ಒಂದೋ ತಪ್ಪು ಹೊರಬರುತ್ತಿತ್ತು, ಇಲ್ಲವೇ ಸೊಟ್ನಿಕೋವಾ ಮೇಲಿನ ಅನುಮಾನ ತೊಳೆದುಹೋಗುತ್ತಿತ್ತು. ಹೆಸರು ಮುಚ್ಚಿಟ್ಟದ್ದರಿಂದ ಇಬ್ಬರಿಗೂ ನಷ್ಟವಾಯಿತು.

ಹಾಗಾಗಿ ನೀವು ಸಹಿ ಸಂಗ್ರಹಿಸುವುದಾದರೆ ‘ಪದಕ ವಾಪಸ್ ಕೊಡಿ’ ಎಂದು ಬರೆಯಬೇಡಿ. ಅದನ್ನು ಕೊಡುವ ಅಧಿಕಾರ ಈಗ ಯಾರಿಗೂ ಇಲ್ಲ. ಇನ್ನೂ ಸರಿಯಾಗದ ವಿಷಯ ಒಂದಿದೆ, ಅದನ್ನು ಕೇಳಿ. ತೀರ್ಪುಗಾರರನ್ನು ಇವತ್ತಿಗೂ ಆಯಾ ದೇಶದ ಒಕ್ಕೂಟಗಳೇ ಹೆಸರಿಸಿ ಕಳಿಸುತ್ತವೆ. ತನ್ನನ್ನು ಕಳಿಸಿದವರ ಸ್ಕೇಟರ್‌ಗೆ ತಾನೇ ಅಂಕ ಕೊಡಬೇಕು. ಮುಂದಿನ ಸಲ ಕಳಿಸುವವರೂ ಅವರೇ. ಈ ಕಟ್ಟು ಬಿಚ್ಚದೆ ಪೂರ್ತಿ ನ್ಯಾಯ ಸಿಗುತ್ತದೆ ಎಂಬ ನಂಬಿಕೆ ನನಗಿಲ್ಲ. ತೀರ್ಪುಗಾರರು ಒಕ್ಕೂಟಗಳ ಹಂಗಿಲ್ಲದೆ ನೇರವಾಗಿ ಐಎಸ್‌ಯು ಕೈಕೆಳಗೆ ಇರಬೇಕು, ಸಂಬಂಧಿಕರು ಅಧಿಕಾರದಲ್ಲಿದ್ದರೆ ತಂಡಕ್ಕೆ ಸೇರಿಸಬಾರದು, ಮೋಸಕ್ಕೆ ಶಿಕ್ಷೆ ಆದವರು ಒಲಿಂಪಿಕ್ಸ್‌ಗೆ ಮರಳಬಾರದು. ಬರೆಯುವುದಿದ್ದರೆ ಇಂಥದ್ದು ಬರೆಯಿರಿ. ಬೆಂಗಳೂರಿನಲ್ಲಿ ಕೂತು ಬರೆದದ್ದು ಯಾರಿಗೆ ಕೇಳುತ್ತದೆ ಎನ್ನಬೇಡಿ. ಐಎಸ್‌ಯುನಲ್ಲಿ ಮತ ಹಾಕುವುದು ಸದಸ್ಯ ದೇಶಗಳ ಒಕ್ಕೂಟಗಳು. ಭಾರತದ ಐಸ್ ಸ್ಕೇಟಿಂಗ್ ಸಂಸ್ಥೆಯೂ ಸದಸ್ಯ. ಎರಡು ವರ್ಷಕ್ಕೊಮ್ಮೆ ಕಾಂಗ್ರೆಸ್ ನಡೆಯುತ್ತದೆ. ಫಿಗರ್ ಸ್ಕೇಟಿಂಗ್‌ನಲ್ಲಿ ಪದಕದ ಪೈಪೋಟಿ ಇಲ್ಲದ ನಮ್ಮಂಥ ದೇಶ ಇಂಥ ವಿಷಯದಲ್ಲಿ ಯಾರ ಮುಲಾಜೂ ಇಲ್ಲದೆ ಮತ ಹಾಕಬಹುದು. ನಿಮ್ಮ ಪತ್ರ ಮೊದಲು ಅಲ್ಲಿಗೆ ಹೋಗಲಿ.

ಬರೆಯುವ ಮೊದಲು ಅಂಕಪಟ್ಟಿ ಓದಲು ಕಲಿಯಿರಿ. ದೊಡ್ಡ ಸ್ಪರ್ಧೆಗಳ ಪೂರ್ತಿ ಅಂಕಪಟ್ಟಿಯನ್ನು ಐಎಸ್‌ಯು ಪ್ರಕಟಿಸುತ್ತದೆ. ಪ್ರತಿ ಜಂಪ್‌ಗೆ ಒಂಬತ್ತು ಜನರ ಅಂಕ ಸಾಲಾಗಿ ಇರುತ್ತದೆ. ಜಂಪ್ ಹೆಸರಿನ ಪಕ್ಕದ ಗುರುತುಗಳನ್ನೂ ನೋಡಿ. ಒಂದು ಕೋನದ ಗುರುತು (<) ಇದ್ದರೆ ಜಂಪ್ ಪೂರ್ತಿ ತಿರುಗಿಲ್ಲ ಎಂದರ್ಥ, ಬೆಲೆ ಕಡಿತ ಆಗುತ್ತದೆ. ಎರಡು ಇದ್ದರೆ ಇನ್ನೂ ಕೆಟ್ಟದು, ಟ್ರಿಪಲ್ ಹಾಕಿದರೂ ಡಬಲ್‌ನ ಬೆಲೆ. ‘ಅನ್ಯಾಯ ಆಯ್ತು’ ಎಂಬ ಮಾತಿಗೆ ಅಧಿಕಾರಿಗಳು ಉತ್ತರ ಕೊಡುವುದಿಲ್ಲ. ‘ಈ ಜಂಪ್‌ನ ಅಂಚು ಹೀಗಿದೆ, ನೀವು ಗುರುತು ಹಾಕಿಲ್ಲ, ಯಾಕೆ?’ ಎಂದು ಕೇಳಿದರೆ ತಪ್ಪಿಸಿಕೊಳ್ಳುವುದು ಕಷ್ಟ. ಇಂಥ ಪ್ರಶ್ನೆ ಕೇಳುವ ಅಭಿಮಾನಿಗಳ ಬಗ್ಗೆ ನನಗೆ ತುಂಬ ಗೌರವ ಇದೆ. ಎಷ್ಟೋ ಜನ ಸ್ವಂತ ಸಮಯ ಹಾಕಿ ವರ್ಷಗಟ್ಟಲೆಯ ಅಂಕಗಳನ್ನು ಒಟ್ಟುಗೂಡಿಸಿ, ಯಾವ ತೀರ್ಪುಗಾರರು ಯಾರ ಕಡೆ ವಾಲುತ್ತಾರೆ ಎಂದು ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ.

ಇನ್‌ಸ್ಟಾಗ್ರಾಮ್‌ನಲ್ಲಿ ಬೈಯುವ ಗೆಳತಿಯರಿಗೆ ದಯವಿಟ್ಟು ನನ್ನ ಈ ಮಾತು ತಲುಪಿಸಿ. ಸೊಟ್ನಿಕೋವಾ ತನ್ನ ತೀರ್ಪುಗಾರರನ್ನು ತಾನೇ ಆರಿಸಿಕೊಳ್ಳಲಿಲ್ಲ. ತನಗೆ ತಾನೇ ಅಂಕ ಹಾಕಿಕೊಳ್ಳಲಿಲ್ಲ. 17ನೇ ವಯಸ್ಸಿನಲ್ಲಿ, ತವರಿನ ಜನರ ಮುಂದೆ, ಏಳು ಟ್ರಿಪಲ್ ಹಾಕಿದ್ದು ಸಾಮಾನ್ಯ ಸಾಧನೆ ಅಲ್ಲ. ಅದೇ ಸೋಚಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಶಾರ್ಟ್ ಟ್ರ್ಯಾಕ್ ಎಂಬ ಸ್ಕೇಟಿಂಗ್ ಓಟದ 500 ಮೀಟರ್ ಫೈನಲ್‌ನಲ್ಲಿ ಬ್ರಿಟನ್ನಿನ ಎಲೀಸ್ ಕ್ರಿಸ್ಟಿ ಕೊರಿಯಾದ ಸ್ಕೇಟರ್‌ಗೆ ಡಿಕ್ಕಿ ಹೊಡೆದರು. ಆಮೇಲೆ ಅವರಿಗೆ ಕೊಲೆ ಬೆದರಿಕೆಗಳು ಬಂದವು. 2018ರಲ್ಲಿ ಕೆನಡಾದ ಕಿಮ್ ಬೂಟಾಂಗೂ ಹಾಗೇ ಆಯಿತು. ಕೊರಿಯಾದ ಸ್ಪರ್ಧಿ ಅನರ್ಹರಾಗಿ ಇವರಿಗೆ ಕಂಚು ಬಂದದ್ದೇ ಇವರ ತಪ್ಪಾಯಿತು. ಹೀಗೆ ಮಾಡಿದವರೂ ತಾವು ಅಭಿಮಾನದಿಂದಲೇ ಮಾಡುತ್ತಿದ್ದೇವೆ ಎಂದುಕೊಂಡಿದ್ದರು. ಕಿಮ್ ಯುನಾ ಅವರನ್ನೇ ನೋಡಿ. ಸೋಚಿಯಲ್ಲಿ ಫಲಿತಾಂಶ ಬಂದ ಮೇಲೆ ಅವರು ದೂರಲಿಲ್ಲ, ಗೆದ್ದವರ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಆ ಬೆಳ್ಳಿಯೊಂದಿಗೇ ಸ್ಪರ್ಧೆಗಳಿಂದ ನಿವೃತ್ತರಾದರು.

ಇದೇ 2014ರಲ್ಲಿ ನಮಗೂ ಇಂಥದ್ದೇ ಒಂದು ನೋವು ಆಯಿತು. ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಬಾಕ್ಸರ್ ಸರಿತಾ ದೇವಿ ಸೆಮಿಫೈನಲ್ ಸೋತರು. ಎದುರಾಳಿ ಆತಿಥೇಯ ಕೊರಿಯಾದವರು. ಪಂದ್ಯ ನೋಡಿದ ನಮಗೆಲ್ಲ ಸರಿತಾ ಗೆದ್ದಿದ್ದಾರೆ ಎಂದೇ ಅನ್ನಿಸಿತ್ತು. ಪದಕ ಪ್ರದಾನದಲ್ಲಿ ಅವರು ಅಳುತ್ತಾ ಕಂಚನ್ನು ಕೊರಿಯಾದ ಬಾಕ್ಸರ್ ಕೊರಳಿಗೇ ಹಾಕಿದರು. ದೇಶವೇ ಅವರ ಬೆನ್ನಿಗೆ ನಿಂತಿತು. ಆದರೆ ಬಾಕ್ಸಿಂಗ್ ಒಕ್ಕೂಟ ಅವರನ್ನೇ ಒಂದು ವರ್ಷ ಅಮಾನತು ಮಾಡಿತು. ಆ ವರ್ಷ ಕೊರಿಯಾದವರು ಸೋಚಿಯಲ್ಲಿ ಅನುಭವಿಸಿದ್ದನ್ನು ನಾವು ಕೊರಿಯಾದಲ್ಲಿ ಅನುಭವಿಸಿದೆವು. ನಿಮ್ಮ ಗುಂಪಿನಲ್ಲಿ ‘ರಷ್ಯಾದವರೇ ಹೀಗೆ’ ಎಂಬ ಮಾತು ಬಂದಾಗ ಇದನ್ನು ನೆನಪಿಸಿ.

ಕೊನೆಗೆ ನಿಮ್ಮ ತಂಗಿ. ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದ ಪ್ರಶ್ನೆ ಇದು, ಯಾಕೆಂದರೆ ನಾನು ದಿನವೂ ನೋಡುವುದು ಅಂಥ ಮಕ್ಕಳನ್ನೇ. ಬೆಂಗಳೂರಿನಲ್ಲಿ ಐಸ್ ಮೇಲೆ ಫಿಗರ್ ಸ್ಕೇಟಿಂಗ್ ಕಲಿಯುವುದು ಬಹಳ ಕಷ್ಟ. ಡೆಹ್ರಾಡೂನ್‌ನ ಹಿಮಾದ್ರಿ ರಿಂಕ್‌ನಂಥದ್ದು ನಮ್ಮ ಹತ್ತಿರ ಇಲ್ಲ. ಆದರೆ ಗಾಲಿಗಳ ಮೇಲೆ ಅದೇ ಕಲೆ ಕಲಿಯುವ ಮಕ್ಕಳು ಬೇಕಾದಷ್ಟಿದ್ದಾರೆ. ಬೆಳಗ್ಗೆ ಐದೂವರೆಗೆ ಎದ್ದು, ಅಪ್ಪನ ಸ್ಕೂಟರ್ ಹಿಂದೆ ಕೂತು ರಿಂಕ್‌ಗೆ ಬಂದು, ಅಲ್ಲಿಂದ ಸೀದಾ ಶಾಲೆಗೆ ಹೋಗುವ ಮಕ್ಕಳು. ಅವರಲ್ಲಿ ಯಾರಾದರೂ ಅಂಕದ ಮೇಲೆ ನಂಬಿಕೆ ಕಳೆದುಕೊಂಡು ಸ್ಕೇಟ್ ಮೂಲೆಗಿಟ್ಟರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅವಳ ಅನುಮಾನವನ್ನು ನಕ್ಕು ತಳ್ಳಿಹಾಕಬೇಡಿ. ನಮ್ಮ ಸಣ್ಣ ಸ್ಪರ್ಧೆಗಳಲ್ಲಿ ಕೋಚ್‌ಗಳೇ ತೀರ್ಪುಗಾರರಾಗಿ ಕೂರುವುದುಂಟು. ಅವರ ಶಿಷ್ಯರೇ ಸ್ಪರ್ಧೆಯಲ್ಲಿ ಇರುವುದೂ ಉಂಟು. ಇದು ಸರಿಯಲ್ಲ. ಮಕ್ಕಳಿಗೆ ಅದು ಕಾಣುತ್ತದೆ, ಅರ್ಥವೂ ಆಗುತ್ತದೆ. ಇದಕ್ಕೆ ದೊಡ್ಡವರು ಮಾಡಬೇಕಾದ ಕೆಲಸ ಇದೆ. ಪೋಷಕರು ನಾಲ್ಕೈದು ಜನ ಸೇರಿ, ಸ್ಪರ್ಧೆಗೆ ಮೊದಲೇ, ಸಂಘಟಕರಿಗೆ ಬರೆದು ಕೊಡಿ: ತೀರ್ಪುಗಾರರು ಯಾರು, ಅವರ ಶಿಷ್ಯರು ಯಾವ ವಿಭಾಗದಲ್ಲಿದ್ದಾರೆ, ಆ ವಿಭಾಗಕ್ಕೆ ಬೇರೆಯವರನ್ನು ಕೂರಿಸುತ್ತೀರಾ? ಫಲಿತಾಂಶ ಬಂದ ಮೇಲೆ ಮೇಜಿನ ಹತ್ತಿರ ಹೋಗಿ ಕೂಗಾಡುವುದು ಬೇಡ. ಆಗ ನಿಮ್ಮ ಮಾತು ಸೋತವರ ಮಾತಾಗಿ ಕೇಳುತ್ತದೆ. ಮೊದಲೇ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ತಂಗಿ ಮಾಡಬೇಕಾದದ್ದು ಬೇರೆ. ಗಾಲಿ ಸ್ಕೇಟಿಂಗ್‌ನಲ್ಲಿ ವಿಶ್ವಮಟ್ಟದಲ್ಲಿ ಈಗ ರೋಲಾರ್ಟ್ ಎಂಬ ಪದ್ಧತಿ ಇದೆ. ಐಸ್‌ನಂತೆಯೇ ಪ್ರತಿ ಜಂಪ್‌ಗೆ ಬೆಲೆ, ಗುಣಮಟ್ಟದ ಅಂಕ, ಕಾಂಪೊನೆಂಟ್ಸ್ ಎಲ್ಲ ಬೇರೆ ಬೇರೆ. ಅವಳ ಸ್ಪರ್ಧೆಯಲ್ಲಿ ಅಂಥ ಪಟ್ಟಿ ಕೊಡುತ್ತಾರಾದರೆ ಕೇಳಿ ಪಡೆದುಕೊಳ್ಳಿ. ಸ್ಪರ್ಧೆಯ ವಿಡಿಯೊ ನೀವೇ ಫೋನ್‌ನಲ್ಲಿ ತೆಗೆಯಿರಿ. ಮಾರನೇ ದಿನ ಅವಳು, ನೀವು, ಕೋಚ್ ಮೂವರೂ ಕೂತು ಪಟ್ಟಿಯ ಒಂದೊಂದು ಸಾಲಿಗೆ ವಿಡಿಯೊ ನಿಲ್ಲಿಸಿ ನೋಡಿ. ಎಲ್ಲಿ ಜಂಪ್ ಕಾಲು ಸುತ್ತು ಕಡಿಮೆ ತಿರುಗಿತು, ಎಲ್ಲಿ ಸ್ಪಿನ್ ಜಾಗ ಬಿಟ್ಟು ಜಾರಿತು, ಎಲ್ಲ ಕಾಣುತ್ತದೆ. ಹತ್ತು ಸಾಲಿನಲ್ಲಿ ಏಳೆಂಟಕ್ಕೆ ಕಾರಣ ಸಿಕ್ಕೇ ಸಿಗುತ್ತದೆ. ಅವು ಅವಳ ಕೈಯಲ್ಲಿರುವ ಅಂಕಗಳು, ನಾಳೆಯ ಅಭ್ಯಾಸದಲ್ಲೇ ತಿದ್ದಬಹುದು. ಕಾರಣ ಸಿಗದ ಒಂದೆರಡು ಸಾಲು ಉಳಿದರೆ ಅದನ್ನು ಬರೆದಿಟ್ಟುಕೊಳ್ಳಿ. ಮುಂದಿನ ಸ್ಪರ್ಧೆಯಲ್ಲೂ ಅದೇ ತೀರ್ಪುಗಾರರಿಂದ ಅದೇ ಜಾಗದಲ್ಲಿ ಅದೇ ಕಡಿತ ಬಂದರೆ, ಎರಡೂ ಪಟ್ಟಿ, ಎರಡೂ ವಿಡಿಯೊ ಇಟ್ಟುಕೊಂಡು ರಾಜ್ಯ ಸಂಸ್ಥೆಗೆ ಪತ್ರ ಬರೆಯಿರಿ. ಪತ್ರದ ಕೆಳಗೆ ಅಪ್ಪ ಅಮ್ಮನ ಜೊತೆ ತಂಗಿಯೂ ಸಹಿ ಹಾಕಲಿ.